ಭಾಗ ಎರಡು ಯಾಕೆ ಬೇಜಾರು ಮಾಡುತ್ತೆ? ಮಂಚದ ಕೆಳಗಿನ ಡಬ್ಬಿಗಳ ಲೆಕ್ಕ

1/10

ಫೋಟೋದಲ್ಲಿ ಕಾಣ್ತಿರೋದು ನಮ್ಮ ಮನೆ ಮಂಚದ ಕೆಳಗಿರೋ ಮೂರು ರಟ್ಟಿನ ಡಬ್ಬಿ. ಒಳಗಿರೋದು ನರಸಿಂಹನ ಮೂರ್ತಿಗಳು, ಅಂಗೈಯಷ್ಟು ಎತ್ತರದವು. ಒಟ್ಟು 246. ನಿನ್ನೆ ರಾತ್ರಿ ನಾನೇ ಕೂತು ಎಣಿಸಿದೆ. ಇವು ಮಂಚದ ಕೆಳಗೆ ಬಂದು ಸೇರೋಕೆ ಕಾರಣ ಕೂಡ ನಾನೇ.

ನಮ್ಮಪ್ಪಂದು ಹಂಪಿ ಬಜಾರ್ ಹತ್ರ, ಬಸ್ ನಿಲ್ಲೋ ಕಡೆ, ಒಂದು ಸಣ್ಣ ಅಂಗಡಿ. ಕೀಚೈನ್, ಫ್ರಿಜ್‌ಗೆ ಅಂಟಿಸೋ ಮ್ಯಾಗ್ನೆಟ್, ಕಲ್ಲಿನ ರಥದ ಬೊಂಬೆ, ಟೋಪಿ, ನೀರಿನ ಬಾಟಲಿ. 2025ರ ಜುಲೈ 25ಕ್ಕೆ 'ಮಹಾವತಾರ ನರಸಿಂಹ' ಬಿಡುಗಡೆ ಆಯ್ತಲ್ಲ, ಆಗಸ್ಟ್‌ನಲ್ಲಿ ಮಕ್ಕಳನ್ನ ಕರ್ಕೊಂಡು ಬಂದ ಪ್ರವಾಸಿಗರು ಕೇಳ್ತಿದ್ದದ್ದು ಒಂದೇ ಮಾತು: "ನರಸಿಂಹ ಐತೇನ್ರಿ?" ಅಪ್ಪ ನೂರು ಮೂರ್ತಿ ತರಿಸಿದ್ರು. ಮೂರು ವಾರದಲ್ಲಿ ಖಾಲಿ.

ಆಗ ಈ ಬಿಕಾಂ ಪಂಡಿತೆ ಬಾಯಿ ಹಾಕಿದಳು. "ಅಪ್ಪಾ, ಡಿಮ್ಯಾಂಡ್ ಐತಿ. ಸೀಸನ್ನಿಗೆ ಮುಂಚೆನೇ ಮುನ್ನೂರು ತರಿಸಿಬಿಡ್ರಿ. ಜಾಸ್ತಿ ತಗೊಂಡ್ರೆ ರೇಟೂ ಇಳೀತೈತಿ." ಅಪ್ಪ ನಂಬಿದ್ರು. ಒಂದಕ್ಕೆ 70 ರೂಪಾಯಿಯಂತೆ 21,000 ಕೊಟ್ಟು ತರಿಸಿದ್ರು. ನವೆಂಬರ್‌ನಿಂದ ಸಂಕ್ರಾಂತಿವರೆಗೆ ಮಾರಿದ್ದು 54.

ಜನ ಬರ್ಲಿಲ್ವಾ? ಬಂದ್ರು. ಮೂರ್ತಿ ಕೆಟ್ಟದಾಗಿತ್ತಾ? ಇಲ್ಲ, ಮೊದಲಿನದಕ್ಕಿಂತ ಬಣ್ಣ ಚೆನ್ನಾಗಿತ್ತು. ಆದ್ರೂ ಹೋಗ್ಲಿಲ್ಲ.

ಡಬ್ಬಿ ಮುಂದೆ ಕೂತಾಗ ಹೊಳೀತು: ನಾನು ಮಾಡಿದ್ದೂ ಒಂದು ಸೀಕ್ವೆಲ್ಲೇ. ಒಂದು ಸಲ ಓಡಿತು ಅಂತ ಮೂರರಷ್ಟು ದುಡ್ಡು ಹಾಕಿ ಅದನ್ನೇ ಮತ್ತೆ ತಂದೆ. ದೊಡ್ಡ ದೊಡ್ಡ ಸ್ಟುಡಿಯೋಗಳು ಮಾಡೋದೂ ಇದನ್ನೇ. ನಾವೆಲ್ಲ ಇಷ್ಟಪಟ್ಟ ಆ್ಯನಿಮೇಷನ್ ಸಿನಿಮಾಗಳ ಎರಡನೇ ಭಾಗ ಯಾಕೆ ಅಷ್ಟು ಬೇಜಾರು ಮಾಡುತ್ತೆ? ಇದನ್ನ ಕೂತು ಯೋಚನೆ ಮಾಡಿದೀನಿ. ಹತ್ತು ಪೋಸ್ಟ್ ಆಗುತ್ತೆ. ಬಸ್ಸಲ್ಲಿ ಹೋಗ್ತಾ ಓದಿ.

2/10

ಕಳೆದ ವಾರ ಸ್ಟೋರಿಯಲ್ಲಿ ಕೇಳಿದ್ದೆ, "ಯಾವ ಆ್ಯನಿಮೇಷನ್ ಸಿನಿಮಾದ ಮುಂದಿನ ಭಾಗ ನೋಡಿ ಬೇಜಾರಾಯ್ತು?" ಅಂತ. ಫ್ರೋಝನ್ 2, ಕಾರ್ಸ್ 2, ಮೋಆನಾ 2, ಐಸ್ ಏಜ್‌ನ ಕೊನೆಕೊನೆಯವು, ಕುಂಗ್ ಫು ಪಾಂಡಾ 4 ಅಂತ ಬರೆದ್ರಿ. ಒಬ್ಬಳು ಮಾತ್ರ "ನಿಂಗೆ ಇಂಟರ್ನಲ್ಸ್ ಇಲ್ವೇನೇ?" ಅಂತ ಕೇಳಿದ್ದಾಳೆ. ಇದೆ ಕಣೇ, ಸೋಮವಾರ.

ಕಾರಣ ಕೇಳಿದ್ರೆ ಹೆಚ್ಚಿನವರದ್ದು ಒಂದೇ ಉತ್ತರ: "ಅದೇ ಅದೇ, ಬೋರ್." ಇದಕ್ಕೆ ನಮ್ಮ ಪಿಯುಸಿ ಅರ್ಥಶಾಸ್ತ್ರದಲ್ಲಿ ಒಂದು ದೊಡ್ಡ ಹೆಸರೂ ಇದೆ, ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ. ಮಂಡಕ್ಕಿ ಜೊತೆ ಮೊದಲನೇ ಮಿರ್ಚಿ ಸ್ವರ್ಗ. ಎರಡನೇದು ಪರವಾಗಿಲ್ಲ. ನಾಲ್ಕನೇದಕ್ಕೆ ನೀರು ಬೇಕು. ಆರನೇದಕ್ಕೆ ಮಾತ್ರೆ ಬೇಕು.

ಆದ್ರೆ ಈ ನಿಯಮ ಇಲ್ಲಿ ಹೊಂದಲ್ಲ. ನನ್ನ ತಮ್ಮನಿಗೆ ಎಂಟು ವರ್ಷ. 'ಮಹಾವತಾರ ನರಸಿಂಹ'ನ ಹೊಸಪೇಟೆಯ ಥಿಯೇಟರಿನಲ್ಲಿ ಎರಡು ಸಲ ನೋಡಿದ. ಆಮೇಲೆ ಮೊಬೈಲಲ್ಲಿ ಎಷ್ಟು ಸಲ ನೋಡಿದನೋ ಲೆಕ್ಕ ಇಲ್ಲ. ಕಂಬ ಒಡೆಯೋದಕ್ಕೆ ಮುಂಚೆನೇ ಎದ್ದು ನಿಲ್ತಾನೆ. ಮುಂದೇನು ಅಂತ ಗೊತ್ತಿದ್ದೇ ಎದ್ದು ನಿಲ್ತಾನೆ. ಅವನಿಗೆ ಬೋರ್ ಆಗಿಲ್ಲ.

ವಿರೂಪಾಕ್ಷ ಗುಡಿಯಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಗೋಡೆ ಮೇಲೆ ಬೀಳುತ್ತಲ್ಲ, ಚಿಕ್ಕ ಕಿಂಡಿಯಿಂದ ಬೆಳಕು ಬಂದು? ಅದನ್ನ ನಾನು ಚಿಕ್ಕವಳಿದ್ದಾಗಿಂದ ನೂರು ಸಲ ನೋಡಿದೀನಿ. ಬೆಳಕು ನೇರ ಹೋಗೋದ್ರಿಂದ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಬೀಳುತ್ತೆ ಅಂತ ಹೈಸ್ಕೂಲಲ್ಲಿ ಗೊತ್ತಾದ ಮೇಲೂ ನೋಡಿದೀನಿ. ಇವತ್ತಿಗೂ ಇಷ್ಟ. ಆದ್ರೆ ಯಾರಾದ್ರೂ ಪಕ್ಕದಲ್ಲೇ ಇನ್ನೊಂದು ಕಿಂಡಿ ಕೊರೆದು "ಬನ್ನಿ, ಗೋಪುರ 2" ಅಂದ್ರೆ? ಯಾರಿಗೆ ಬೇಕು!

ಅಂದ್ರೆ ಅದನ್ನೇ ಮತ್ತೆ ನೋಡೋದು ನಮಗೆ ಕಷ್ಟ ಅಲ್ಲ. ಅದನ್ನೇ ಹೊಸದು ಅಂತ ಕೊಟ್ಟಾಗ ಕಷ್ಟ.

3/10

ಈಗ ನನ್ನ ಮೊದಲ ಬೇಜಾರು ಹೇಳ್ತೀನಿ.

ನಾನು ಹುಟ್ಟಿದ್ದು 2005ರಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ ವಿ.ಜಿ. ಸಾಮಂತ್ ನಿರ್ದೇಶನದ 'ಹನುಮಾನ್' ಬಂತು. ನಮ್ಮ ದೇಶದಲ್ಲಿ ಆ್ಯನಿಮೇಷನ್ ಸಿನಿಮಾನೂ ಥಿಯೇಟರಿನಲ್ಲಿ ಓಡುತ್ತೆ ಅಂತ ತೋರಿಸಿಕೊಟ್ಟ ಸಿನಿಮಾ ಅದು. ನಾನು ಅದನ್ನ ನೋಡಿದ್ದು ನಾಲ್ಕೈದು ವರ್ಷ ಆದ ಮೇಲೆ, ಸಿಡಿಯಲ್ಲಿ. ಆಗ ನಮ್ಮ ಮನೆ ಇದ್ದದ್ದು ಹಂಪಿ ಬಜಾರಿನಲ್ಲೇ, ಕಲ್ಲಿನ ಮಂಟಪಕ್ಕೆ ಸೇರಿಸಿ ಕಟ್ಟಿಕೊಂಡ ಒಂದು ಕೋಣೆ. 2011ರಲ್ಲಿ ಬಜಾರಿನ ಮನೆ-ಅಂಗಡಿ ತೆರವು ಆದ್ವು, ನಾವು ಕಡ್ಡಿರಾಂಪುರದ ಕಡೆ ಬಂದ್ವಿ.

ಹೊಳೆ ಆಚೆ ಆನೆಗೊಂದಿ, ಅಂಜನಾದ್ರಿ ಬೆಟ್ಟ. ಹನುಮ ಹುಟ್ಟಿದ್ದು ಅಲ್ಲೇ ಅಂತ ನಮ್ಮ ಕಡೆ ಎಲ್ರೂ ನಂಬ್ತಾರೆ. ಅಷ್ಟು ಹತ್ತಿರದ ಹನುಮ ಟಿವಿಯಲ್ಲಿ ಹಿಂದಿ ಮಾತಾಡ್ತಿದ್ದ. ಆಗ ಕನ್ನಡಕ್ಕೆ ಡಬ್ಬಿಂಗ್ ಮಾಡೋದಕ್ಕೆ ಅಘೋಷಿತ ತಡೆ ಇತ್ತು. ಭಾರತೀಯ ಸ್ಪರ್ಧಾ ಆಯೋಗ ಅದು ತಪ್ಪು ಅಂದಿದ್ದು 2015ರಲ್ಲಿ. ನಂಗೆ ಹಿಂದಿ ಬರ್ತಿರ್ಲಿಲ್ಲ. ಆದ್ರೂ ಎಲ್ಲ ಅರ್ಥ ಆಗ್ತಿತ್ತು.

ಅದು ಎಷ್ಟು ಇಷ್ಟ ಆಯ್ತು ಅಂದ್ರೆ ಅಪ್ಪ ಹೊಸಪೇಟೆಯಿಂದ ಇನ್ನೊಂದು ಸಿಡಿ ತಂದ್ರು: 'ರಿಟರ್ನ್ ಆಫ್ ಹನುಮಾನ್'. 2007ರ ಡಿಸೆಂಬರಿನಲ್ಲಿ ಬಂದಿದ್ದು, ನಿರ್ದೇಶನ ಅನುರಾಗ್ ಕಶ್ಯಪ್. ಇದರಲ್ಲಿ ಹನುಮ ಮತ್ತೆ ಭೂಮಿಗೆ ಬರ್ತಾನೆ, ಮಾರುತಿ ಅನ್ನೋ ಹುಡುಗ ಆಗಿ ಶಾಲೆಗೆ ಹೋಗ್ತಾನೆ. ಜೋಕ್ ಇದೆ, ಫೈಟ್ ಇದೆ, ಹಾಡಿದೆ. ನಾನು ಅರ್ಧಕ್ಕೇ ಎದ್ದು ಹೊರಗೆ ಆಡೋಕೆ ಹೋದೆ. ಅಪ್ಪ ಕೇಳಿದ್ರು, "ಯಾಕವ್ವಾ, ಚಂದಿಲ್ಲೇನು?" ನನ್ನ ಉತ್ತರ ಅವರಿಗೆ ಇನ್ನೂ ನೆನಪಿದೆ: "ಇವನು ಹನುಮ ಅಲ್ಲ."

ಹನುಮನೇ ಆಗಿದ್ದ. ಆ ವಯಸ್ಸಿನಲ್ಲಿ ಯಾಕೆ ಹಾಗಂದೆ ಅಂತ ಈಗ ಅರ್ಥ ಆಗ್ತಿದೆ.

4/10

ಅದಕ್ಕೆ ಮುಂಚೆ, ನೀವು ಕೊಟ್ಟ ಇನ್ನೆರಡು ಕಾರಣ ನೋಡೋಣ.

ಒಂದು: "ನಾವು ದೊಡ್ಡವರಾದ್ವಿ, ಅದಕ್ಕೆ ಹಿಡಿಸ್ಲಿಲ್ಲ." ಸ್ವಲ್ಪ ನಿಜ. 'ಇನ್‌ಕ್ರೆಡಿಬಲ್ಸ್' ಬಂದಿದ್ದು 2004ರಲ್ಲಿ, ಎರಡನೇದು 2018ರಲ್ಲಿ. ಮೊದಲನೇದನ್ನ ಅಮ್ಮನ ತೊಡೆ ಮೇಲೆ ಕೂತು ನೋಡಿದವರು ಎರಡನೇದಕ್ಕೆ ಬೈಕ್ ಓಡಿಸಿಕೊಂಡು ಹೋದ್ರು. ಆದ್ರೆ ನಾನು ಹನುಮಾನ್ ಒಂದು, ಎರಡು ನೋಡಿದ್ದು ಒಂದೇ ತಿಂಗಳಲ್ಲಿ. ಒಂದು ತಿಂಗಳಲ್ಲಿ ನಾನೆಷ್ಟು ದೊಡ್ಡವಳಾಗಿರ್ತೀನಿ ಹೇಳಿ?

ಎರಡು: "ಎರಡನೇ ಭಾಗಕ್ಕೆ ಕಡಿಮೆ ದುಡ್ಡು ಹಾಕ್ತಾರೆ, ಅರ್ಜೆಂಟಲ್ಲಿ ಮಾಡ್ತಾರೆ." ಇದೂ ಕೆಲವು ಕಡೆ ನಿಜ. ಡಿಸ್ನಿಯವರು 1994ರಲ್ಲಿ 'ದಿ ರಿಟರ್ನ್ ಆಫ್ ಜಾಫರ್' ಅಂತ ಅಲ್ಲಾದಿನ್‌ನ ಮುಂದಿನ ಭಾಗ ತಂದ್ರು. ಥಿಯೇಟರಿಗೆ ಅಲ್ಲ, ನೇರ ವಿಡಿಯೋ ಕ್ಯಾಸೆಟ್ಟಿಗೆ. ಖರ್ಚು ಕಡಿಮೆ, ಮಾರಾಟ ಜೋರು. ಆಮೇಲೆ ಅದೇ ದಾರಿ ಹಿಡಿದ್ರು: ಲಯನ್ ಕಿಂಗ್ 2 (1998), ಸಿಂಡ್ರೆಲ್ಲಾ 2 (2002), ಬಾಂಬಿ 2 (2006). ಬಾಂಬಿಯ ಮೊದಲ ಭಾಗ 1942ರದ್ದು ಅಂದ್ರೆ ಯೋಚನೆ ಮಾಡಿ! ಇವನ್ನ ಮಾಡಿದ್ದು ಮುಖ್ಯ ಸ್ಟುಡಿಯೋದವರಲ್ಲ, ಬೇರೆ ತಂಡದವರು. ಮೋಆನಾ 2 ಕೂಡ ಮೊದಲು ಓಟಿಟಿ ಸರಣಿ ಅಂತ ಶುರುವಾಗಿ, 2024ರಲ್ಲಿ ಸಿನಿಮಾ ಆಗಿ ಬದಲಾಯ್ತು. ನೋಡುವಾಗ ಕಂತು ಕಂತಾಗಿ ಕಾಣೋದು ಅದಕ್ಕೇ ಇರಬೇಕು.

ಆದ್ರೆ ಫ್ರೋಝನ್ 2ಕ್ಕೆ ದುಡ್ಡು ಕಡಿಮೆ ಇರ್ಲಿಲ್ಲ. ಅದರ ನೀರು, ಎಲೆ, ಕುದುರೆ ನೋಡಿದ್ರೆ ಮೊದಲನೇದಕ್ಕಿಂತ ಕೆಲಸ ಎಷ್ಟೋ ಮೇಲು. ನಮ್ಮ ಅಂಗಡಿಯ ಎರಡನೇ ಲಾಟಿನ ಮೂರ್ತಿಗೂ ಬಣ್ಣ ಚೆನ್ನಾಗಿತ್ತು ಅಂತ ಹೇಳಿದ್ದೆನಲ್ಲ. ದುಡ್ಡು, ಬಣ್ಣ ಎರಡೂ ಇದ್ದೂ ಬೇಜಾರಾಗುತ್ತೆ ಅಂದ್ರೆ ಕಾರಣ ಬೇರೆ ಎಲ್ಲೋ ಇದೆ.

5/10

ಸ್ವಲ್ಪ ಅಕೌಂಟೆನ್ಸಿ. ಓಡಿಹೋಗಬೇಡಿ, ಎರಡೇ ನಿಮಿಷ.

ಗುಡ್‌ವಿಲ್ ಅಂದ್ರೆ ಗೊತ್ತಲ್ಲ? ಅಂಗಡಿಗಿರೋ ಹೆಸರು. ಅದೇ ಇಡ್ಲಿ, ಅದೇ ಚಟ್ನಿ, ಆದ್ರೂ ಜನ ಆ ಒಂದು ಹೋಟೆಲ್ಲಿಗೇ ಹೋಗ್ತಾರಲ್ಲ, ಆ ನಂಬಿಕೆಗೆ ಇರೋ ಬೆಲೆ. ನಮ್ಮ ಲೆಕ್ಕದ ನಿಯಮ ಎಎಸ್ 26ರ ಪ್ರಕಾರ, ದುಡ್ಡು ಕೊಟ್ಟು ಕೊಂಡ ಗುಡ್‌ವಿಲ್ ಮಾತ್ರ ಪುಸ್ತಕದಲ್ಲಿ ಆಸ್ತಿ ಅಂತ ತೋರಿಸಬಹುದು. ತಾನಾಗಿ ಬೆಳೆದ ಹೆಸರನ್ನ ತೋರಿಸೋ ಹಾಗಿಲ್ಲ. ಅದು ಇರುತ್ತೆ, ಆದ್ರೆ ಪುಸ್ತಕದಲ್ಲಿ ಕಾಣಲ್ಲ.

ಇದನ್ನ ಓದಿದಾಗ ನಂಗೆ ಸಿನಿಮಾನೇ ನೆನಪಾಯ್ತು. ಮೊದಲ ಭಾಗ ನೋಡಿ ನಾವು ಅದರ ಹಾಡು ಹಾಡ್ತೀವಿ, ಅದರ ಚಿತ್ರ ಇರೋ ಬ್ಯಾಗೇ ಬೇಕು ಅಂತ ಅಳ್ತೀವಿ, ತಮ್ಮ-ತಂಗಿಗೆ ಕಥೆ ಹೇಳ್ತೀವಿ. ಆ ಹೆಸರನ್ನ ಬೆಳೆಸಿದ್ದು ನಾವು. ಕಂಪನಿ ಪುಸ್ತಕದಲ್ಲಿ ಅದು ಎಲ್ಲೂ ಇಲ್ಲ. ಅದನ್ನ ನಗದು ಮಾಡ್ಕೊಳ್ಳೋಕೆ ಇರೋ ಸುಲಭದ ದಾರಿ ಅಂದ್ರೆ ಎರಡನೇ ಭಾಗ.

ಅದಕ್ಕೇ ಎರಡನೇ ಭಾಗದ ಮೊದಲ ವಾರದ ಕಲೆಕ್ಷನ್ ನೋಡಿ "ಸೂಪರ್ ಹಿಟ್" ಅನ್ನಬೇಡಿ. ನೋಡೋ ಮುಂಚೆನೇ ಟಿಕೆಟ್ ತಗೊಂಡಿರ್ತೀವಿ. ಆ ದುಡ್ಡು ಮೊದಲನೇ ಭಾಗಕ್ಕೆ ನಾವು ಕೊಟ್ಟ ಮಾರ್ಕ್ಸ್. ಫ್ರೋಝನ್ 2 ಮೊದಲನೇದಕ್ಕಿಂತ ಜಾಸ್ತಿನೇ ಗಳಿಸಿತು. ಆದ್ರೆ ನಮ್ಮ ಕ್ಲಾಸಿನ ಹುಡುಗಿಯರು ಇವತ್ತಿಗೂ ಹಾಡೋದು ಮೊದಲನೇದರ ಹಾಡನ್ನೇ.

ಖಾತೆಯಿಂದ ದುಡ್ಡು ತೆಗೆಯೋದು ತಪ್ಪಲ್ಲ. ಎಲ್ಲ ವ್ಯಾಪಾರದಲ್ಲೂ ಯಜಮಾನ ಮನೆಖರ್ಚಿಗೆ ತೆಗೀತಾನೆ. ಆದ್ರೆ ಹೊಸ ಬಂಡವಾಳ ಏನೂ ಹಾಕದೆ ಬರೀ ತೆಗೀತಾ ಹೋದ್ರೆ ಒಂದು ದಿನ ಖಾತೆ ಖಾಲಿ. ಸಿನಿಮಾದಲ್ಲಿ ಹೊಸ ಬಂಡವಾಳ ಅಂದ್ರೆ ಏನು? ಗ್ರಾಫಿಕ್ಸ್ ಅಲ್ಲ ಅಂತ ಆಗಲೇ ನೋಡಿದ್ವಿ. ಮತ್ತೇನು?

6/10

ನನ್ನ ಉತ್ತರ ಒಂದೇ ಪದ: ಬಾಕಿ.

ಒಳ್ಳೆ ಕಥೆ ಒಂದು ಪ್ರಶ್ನೆ ಕೇಳುತ್ತೆ. ಅದಕ್ಕೆ ಉತ್ತರ ಸಿಕ್ಕಾಗ ಲೆಕ್ಕ ಚುಕ್ತಾ. ಎರಡನೇ ಭಾಗ ಮಾಡೋ ಮುಂಚೆ ನೋಡಬೇಕಾದ್ದು, ಮೊದಲ ಭಾಗದಲ್ಲಿ ಯಾವುದಾದ್ರೂ ಪ್ರಶ್ನೆ ಇನ್ನೂ ಬಾಕಿ ಇದೆಯಾ ಅಂತ.

ಹನುಮನ ಕಥೆ ತಗೊಳ್ಳಿ. ಅವನಿಗೆ ಎಷ್ಟು ಬಲ ಇದೆ ಅಂತ ಅವನಿಗೇ ಮರೆತು ಹೋಗಿರುತ್ತೆ. ಸಮುದ್ರದ ಮುಂದೆ ಎಲ್ರೂ ಕೈಚೆಲ್ಲಿ ಕೂತಾಗ ಜಾಂಬವಂತ ನೆನಪಿಸ್ತಾನೆ. ಆಮೇಲೆ ಆ ಜಿಗಿತ! ಐದು ವರ್ಷದ ಹುಡುಗಿ ಕಾದಿದ್ದು ಅದಕ್ಕೆ. ಎಲ್ರ ಮುಂದೆ ಮಾತಾಡೋಕೆ ಹೆದರ್ತಿದ್ದ ನಂಗೆ "ನಂಗೂ ಏನೋ ಬಲ ಇರಬಹುದು, ಮರೆತಿರಬಹುದು" ಅನ್ನಿಸಿದ್ದು ಅದನ್ನ ನೋಡಿ. ಎರಡನೇ ಸಿಡಿಯ ಹನುಮನಿಗೆ ಎಲ್ಲ ಗೊತ್ತು. ಯಾರ ಜೊತೆ ಬೇಕಾದ್ರೂ ಗುದ್ದಾಡ್ತಾನೆ, ಗೆಲ್ತಾನೆ. ಗೆಲ್ತಾನೆ ಅಂತ ನಂಗೂ ಗೊತ್ತು. "ಇವನು ಹನುಮ ಅಲ್ಲ" ಅಂದಿದ್ದು ಅದಕ್ಕೆ. ನಾನು ಪ್ರೀತಿಸಿದ್ದು ತನ್ನ ಬಲ ಮರೆತಿದ್ದವನನ್ನ.

ಬಾಕಿ ಇದ್ದ ಕಥೆಗೆ ಉದಾಹರಣೆ ಟಾಯ್ ಸ್ಟೋರಿ. 1995ರ ಮೊದಲನೇದು ಮುಗಿದಾಗಲೇ ಒಂದು ಭಯ ಉಳಿದಿತ್ತು: ಆ್ಯಂಡಿ ದೊಡ್ಡವನಾದ್ರೆ ಈ ಗೊಂಬೆಗಳ ಗತಿ? 1999ರ ಎರಡನೇದು ಆ ಭಯವನ್ನ ಬಾಯಿಬಿಟ್ಟು ಕೇಳಿತು. 2010ರ ಮೂರನೇದರಲ್ಲಿ ಆ್ಯಂಡಿ ಕಾಲೇಜಿಗೆ ಹೊರಟ, ಲೆಕ್ಕ ತೀರಿತು. ಆ ಎರಡನೇದನ್ನೂ ಮೊದಲು ವಿಡಿಯೋಗೆ ಅಂತಲೇ ಶುರು ಮಾಡಿದ್ರು. ಆಮೇಲೆ ಸರಿಯಾಗಿಲ್ಲ ಅಂತ ಕಥೆಯನ್ನೇ ಬಿಚ್ಚಿ ಮತ್ತೆ ಕಟ್ಟಿದ್ರು. 2019ರಲ್ಲಿ ನಾಲ್ಕನೇದು ಬಂದಾಗ ತುಂಬ ಜನಕ್ಕೆ "ಮುಗೀತಲ್ಲಪ್ಪಾ" ಅನ್ನಿಸಿದ್ದು ಲೆಕ್ಕ ತೀರಿದ್ದಕ್ಕೇ.

'ಇನ್‌ಸೈಡ್ ಔಟ್'ನದ್ದೂ ಹಾಗೇ. 2015ರಲ್ಲಿ ರೈಲಿ ಚಿಕ್ಕವಳು. 2024ರ ಎರಡನೇದರಲ್ಲಿ ಅವಳಿಗೆ 13, ತಲೆಯೊಳಗೆ ಆತಂಕ ಅನ್ನೋ ಹೊಸಬಳು ಬಂದು ಕೂತಳು. ಹುಡುಗಿ ದೊಡ್ಡವಳಾಗಲೇಬೇಕಿತ್ತು, ಬಾಕಿ ಇದ್ದೇ ಇತ್ತು. ಪರೀಕ್ಷೆ ಹಿಂದಿನ ರಾತ್ರಿ ನಮ್ಮ ಹಾಸ್ಟೆಲ್ ಹುಡುಗಿಯರು ಅದನ್ನ ನೋಡಿ ಅತ್ತಿದ್ದು ಸುಮ್ಮನೆ ಅಲ್ಲ.

7/10

ಬಾಕಿ ಇಲ್ಲದಾಗ ಬರೆಯೋರು ಏನು ಮಾಡ್ತಾರೆ? ಮೂರು ಉಪಾಯ ನೋಡಿದೀನಿ.

ಒಂದು, ಕಲಿತದ್ದನ್ನ ಮರೆಸೋದು. ಮೊದಲ ಭಾಗದಲ್ಲಿ ಧೈರ್ಯ ಕಲಿತ ಹೀರೋ ಎರಡನೇದರಲ್ಲಿ ಮತ್ತೆ ಪುಕ್ಕಲ. ಕೊನೆಗೆ ಅದೇ ಪಾಠ ಮತ್ತೆ ಕಲೀತಾನೆ. ಪಾಸಾದ ಪೇಪರನ್ನೇ ಯಾರೋ ಮತ್ತೆ ಬರೆಸಿದ ಹಾಗೆ. ನಮಗೆ ಮೋಸ ಅನ್ನಿಸುತ್ತೆ, ಯಾಕಂದ್ರೆ ಅವನ ಜೊತೆ ನಾವೂ ಕಲಿತಿದ್ವಿ.

ಎರಡು, ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡೋದು. 2013ರ ಫ್ರೋಝನ್‌ನಲ್ಲಿ ಎಲ್ಸಾ ತನ್ನ ಶಕ್ತಿನ ಬಚ್ಚಿಡ್ತಿದ್ದಳು. ನಾಚಿಕೆ, ಭಯ, ಬಾಗಿಲು ಹಾಕ್ಕೊಂಡ ಕೋಣೆ. ಇದು ನಮಗೆಲ್ಲ ಗೊತ್ತಿರೋ ನೋವು. 2019ರ ಎರಡನೇದು "ಆ ಶಕ್ತಿ ಎಲ್ಲಿಂದ ಬಂತು?" ಅಂತ ಹುಡುಕಿಕೊಂಡು ಹೋಗುತ್ತೆ. ಎಲ್ಲಿಂದಾದ್ರೂ ಬರ್ಲಿ ಬಿಡಿ! ಅಜ್ಜಿ ಕಥೆಯ ಮಾಂತ್ರಿಕನಿಗೆ ಮಂತ್ರ ಕಲಿಸಿದ್ದು ಯಾರು ಅಂತ ನಾವ್ಯಾರಾದ್ರೂ ಕೇಳಿದ್ವಾ?

ಮೂರು, ಉಪ್ಪಿನಕಾಯಿನೇ ಊಟಕ್ಕೆ ಬಡಿಸೋದು. ಕಾರ್ಸ್‌ನಲ್ಲಿ ಮೇಟರ್ ಅನ್ನೋ ಹಳೆ ಟೋಯಿಂಗ್ ಲಾರಿ ಎಲ್ರಿಗೂ ಇಷ್ಟ. 2011ರ ಕಾರ್ಸ್ 2ರಲ್ಲಿ ಅವನನ್ನೇ ಹೀರೋ ಮಾಡಿ ಗೂಢಚಾರಿ ಕಥೆ ಹೆಣೆದ್ರು. ಅಲ್ಲಿವರೆಗೆ ಪಿಕ್ಸರ್ ಸಿನಿಮಾ ಅಂದ್ರೆ ಹೊಗಳ್ತಿದ್ದ ವಿಮರ್ಶಕರು ಅದಕ್ಕೆ ಚೆನ್ನಾಗಿ ಬೈದ್ರು. ಎಲೆ ತುದಿಯಲ್ಲಿದ್ರೆ ಉಪ್ಪಿನಕಾಯಿಗೆ ರುಚಿ. ಅನ್ನದ ಜಾಗದಲ್ಲಿ ಬಡಿಸಿದ್ರೆ?

"ಅಕ್ಕಾ, ಮಕ್ಕಳಿಗೆ ಇದೆಲ್ಲ ಗೊತ್ತಾಗಲ್ಲ, ಬಣ್ಣ ಬಣ್ಣ ಕಂಡ್ರೆ ಸಾಕು" ಅಂತ ಒಬ್ಬ ಫಾಲೋವರ್ ಬರೆದಿದ್ದ. ಇಲ್ಲ ತಮ್ಮಾ. ಮಕ್ಕಳಿಗೆ ಕಾರಣ ಹೇಳೋಕೆ ಬರಲ್ಲ, ಅಷ್ಟೇ. ಎದ್ದು ಹೊರಗೆ ಆಡೋಕೆ ಹೋಗ್ತಾರೆ. ನಮ್ಮ ಅಂಗಡಿಗೆ ಬಂದ ಗಿರಾಕಿನೂ ಹಾಗೇ. ಮೂರ್ತಿ ಎತ್ತಿ ನೋಡ್ತಾರೆ, ವಾಪಸ್ ಇಟ್ಟು ನೀರಿನ ಬಾಟಲಿ ತಗೊಂಡು ಹೋಗ್ತಾರೆ. ದೂರು ಏನೂ ಇಲ್ಲ.

8/10

"ಹಂಗಾದ್ರೆ ಕಥೆನ ಮುಂದುವರಿಸಲೇಬಾರದಾ?" ಯಾಕೆ ಬಾರದು? ಎರಡನೇ ಭಾಗ ಹೆಂಗಿರಬೇಕು ಅಂತ ನೋಡೋಕೆ ನಾವು ಹಾಲಿವುಡ್‌ಗೆ ಹೋಗಬೇಕಾಗಿಲ್ಲ. ಹಂಪಿ ಬಜಾರಿನಿಂದ ಸೈಕಲ್ ತಗೊಂಡು ಹಜಾರ ರಾಮ ಗುಡಿಗೆ ಬನ್ನಿ.

15ನೇ ಶತಮಾನದ ಶುರುವಿನ ಗುಡಿ ಅದು, ಒಂದನೇ ದೇವರಾಯನ ಕಾಲದ್ದು. ಗೋಡೆ ಮೇಲೆ ರಾಮಾಯಣ ಮೂರು ಸಾಲಿನಲ್ಲಿ, ಫ್ರೇಮ್ ಫ್ರೇಮ್ ಆಗಿ ಕೆತ್ತಿದೆ. ಸುತ್ತು ಹಾಕ್ತಾ ಹೋದ್ರೆ ಕಥೆ ಓಡುತ್ತೆ. ಆ್ಯನಿಮೇಷನ್ ಓದೋರು ಸ್ಟೋರಿಬೋರ್ಡ್ ಅಂತಾರಲ್ಲ, ಥೇಟ್ ಅದೇ. ಅದೇ ಗುಡಿಯಲ್ಲಿ ಲವ-ಕುಶರ ಕಥೆಯ ಫಲಕಗಳೂ ಇವೆ. ಅದು ಭಾಗ ಎರಡು!

ಆ ಭಾಗ ಎರಡು ಇಷ್ಟು ನೂರು ವರ್ಷ ಯಾಕೆ ಬದುಕಿದೆ? ರಾವಣ ಸತ್ತ, ಪಟ್ಟಾಭಿಷೇಕ ಆಯ್ತು, ಲೆಕ್ಕ ಮುಗೀಬೇಕಿತ್ತು. ಆದ್ರೆ ಸೀತೆಯ ಲೆಕ್ಕ ಬಾಕಿ ಇತ್ತು. ಇಷ್ಟೆಲ್ಲ ಆದ ಮೇಲೂ ಅವಳು ಕಾಡಿಗೆ ಹೋಗಬೇಕಾ? ಇದಕ್ಕೆ ರಾಮ ಯಾರಿಗೆ ಉತ್ತರ ಕೊಡಬೇಕು? ಎದುರಿಗೆ ನಿಂತು ಕೇಳೋಕೆ ಅವನ ಮಕ್ಕಳೇ ಬಂದ್ರು. ಬೇರೆ ರಾವಣನನ್ನ ಹುಟ್ಟಿಸಲಿಲ್ಲ ನೋಡಿ. "ಈ ಸಲ ಇಪ್ಪತ್ತು ತಲೆ" ಅಂತ ಬರಲಿಲ್ಲ. ಮೊದಲ ಕಥೆಯಲ್ಲಿ ಉಳಿದ ನೋವಿನಿಂದಲೇ ಎರಡನೇ ಕಥೆ ಹುಟ್ಟಿತು. ಲಕ್ಷ್ಮೀಶ ತನ್ನ ಜೈಮಿನಿ ಭಾರತದಲ್ಲೂ ಇದೇ ಕಥೆಯನ್ನ ತಂದಿದ್ದಾನೆ.

ನಮ್ಮ ಬಳ್ಳಾರಿ ಸೀಮೆಯ ತೊಗಲುಗೊಂಬೆ ಆಟದವರೂ ಗೊತ್ತಿದ್ದ ರಾಮಾಯಣವನ್ನೇ ಆಡಿಸಿದ್ರು, ಜನ ಬೆಳಗಿನವರೆಗೆ ಕೂತು ನೋಡಿದ್ರು. ಹೊಸದು ಬೇಕಾದಾಗ ಬೆಳಗಲ್ಲು ವೀರಣ್ಣನವರು ಸ್ವಾತಂತ್ರ್ಯ ಹೋರಾಟದ ಕಥೆಯನ್ನ, ಗಾಂಧೀಜಿಯನ್ನ ಗೊಂಬೆ ಮಾಡಿ ಪರದೆಗೆ ತಂದ್ರು. ಹಳೇದನ್ನ ಹಳೇದು ಅಂತಲೇ ಆಡಿಸಿದ್ರು, ಹೊಸದಕ್ಕೆ ಹೊಸ ಗೊಂಬೆ ಕತ್ತರಿಸಿದ್ರು. ಹಳೇ ಗೊಂಬೆಗೆ ಹೊಸ ಬಣ್ಣ ಬಳಿದು "ಭಾಗ 2" ಅನ್ನಲಿಲ್ಲ.

9/10

ಈಗ ನಮ್ಮ ತಮ್ಮನ ಪ್ರಶ್ನೆಗೆ ಬರೋಣ. "ಅಕ್ಕಾ, ನರಸಿಂಹ ಎರಡು ಯಾವಾಗ ಬರ್ತೈತಿ?"

'ಮಹಾವತಾರ ನರಸಿಂಹ' ಮಾಡಿದ್ದು ಅಶ್ವಿನ್ ಕುಮಾರ್. ತಂದವರು ನಮ್ಮ ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅವರು. ಈ ಸಲ ಹಿರಣ್ಯಕಶಿಪು, ಪ್ರಹ್ಲಾದ ಕನ್ನಡದಲ್ಲೇ ಮಾತಾಡಿದ್ರು. ನಂಗೆ ಸಿಗದಿದ್ದು ತಮ್ಮನಿಗೆ ಸಿಕ್ತು. ಗಳಿಕೆ 300 ಕೋಟಿ ದಾಟಿತು ಅಂತ ಸುದ್ದಿ ಬಂತು, ಭಾರತದ ಬೇರೆ ಯಾವ ಆ್ಯನಿಮೇಷನ್ ಸಿನಿಮಾಗೂ ಅಷ್ಟು ಬಂದಿಲ್ಲ. ಘೋಷಣೆಯ ಪ್ರಕಾರ ಇದು ಏಳು ಸಿನಿಮಾದ ಸರಣಿ. 2027ಕ್ಕೆ ಪರಶುರಾಮ, ಹಾಗೇ ಎರಡೆರಡು ವರ್ಷಕ್ಕೆ ಒಂದು, 2037ಕ್ಕೆ ಕಲ್ಕಿಯ ಎರಡನೇ ಭಾಗ. ಅಷ್ಟೊತ್ತಿಗೆ ತಮ್ಮ ನನ್ನ ಈಗಿನ ವಯಸ್ಸಿಗೆ ಬಂದಿರ್ತಾನೆ.

ದಶಾವತಾರ ಅಂದ್ರೆ ಒಂದೊಂದಕ್ಕೂ ಬೇರೆ ಕಥೆ, ಅದು ಒಳ್ಳೇದೇ. ಆದ್ರೆ ನಂಗೆ ಒಂದು ಭಯ ಇದೆ. ಕಂಬ ಒಡೆದಾಗ ಥಿಯೇಟರ್ ಯಾಕೆ ಕೂಗಿತು? ಅಬ್ಬರಕ್ಕಾ? ಅಷ್ಟೇ ಅಲ್ಲ. ಅದಕ್ಕೆ ಮುಂಚೆ ತುಂಬ ಹೊತ್ತು ಒಬ್ಬ ಚಿಕ್ಕ ಹುಡುಗ ಅಪ್ಪನ ಮುಂದೆ ಒಬ್ಬನೇ ನಿಂತಿದ್ದ. ಆ ಹುಡುಗನಿಗಾಗಿ ಕೂಗಿದ್ದು. ಮುಂದಿನವರು "ಜನಕ್ಕೆ ಅಬ್ಬರ ಬೇಕು" ಅಂತ ತಿಳ್ಕೊಂಡ್ರೆ, ಅವರ ಮಂಚದ ಕೆಳಗೂ ಡಬ್ಬಿ ಸೇರುತ್ತೆ.

ಇನ್ನೊಂದು ಮಾತು. ನರಸಿಂಹ ಆದ ಮೇಲೆ ಪರಶುರಾಮ ಅಂತಾರೆ, ಮಧ್ಯೆ ವಾಮನ ಆ ಪಟ್ಟಿಯಲ್ಲಿ ಇಲ್ಲ. ನಂಗೆ ಕೇಳಿದ್ರೆ ನಿಜವಾದ ಭಾಗ ಎರಡು ಅಲ್ಲೇ ಇದೆ. ಬಲಿ ಚಕ್ರವರ್ತಿ ಯಾರು? ಪ್ರಹ್ಲಾದನ ಮೊಮ್ಮಗ! ಮಗುವನ್ನ ಕಾಪಾಡೋಕೆ ಕಂಬದಿಂದ ಬಂದ ದೇವರೇ, ಆ ಮಗುವಿನ ಮೊಮ್ಮಗನ ತಲೆ ಮೇಲೆ ಕಾಲಿಟ್ಟ. ಮುದುಕನಾದ ಪ್ರಹ್ಲಾದ ಅದನ್ನ ನೋಡಿದ್ರೆ ಅವನ ಮನಸ್ಸಿಗೆ ಹೆಂಗಾಗಿರಬೇಡ? ದೀಪಾವಳಿ ಪಾಡ್ಯಕ್ಕೆ ನಮ್ಮ ಮನೆಗಳಲ್ಲಿ ಬಲೀಂದ್ರನನ್ನ ಇವತ್ತಿಗೂ ಕರೀತೀವಿ. ನಮ್ಮ ಜನಕ್ಕೇ ಆ ಲೆಕ್ಕ ಇನ್ನೂ ತೀರಿಲ್ಲ.

10/10

ಕೊನೇ ಪೋಸ್ಟ್. ಫೋಟೋದಲ್ಲಿರೋದು ಎಲ್ರೂ ಸೆಲ್ಫಿ ತಗೊಳ್ಳೋ ನಮ್ಮ ಉಗ್ರನರಸಿಂಹ, ಆದ್ರೆ ಹಿಂದಿನಿಂದ. 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದದ್ದು. ಎತ್ತರ 6.7 ಮೀಟರ್. ನಾವು ಉಗ್ರ ಅಂತೀವಿ, ಆದ್ರೆ ಇದು ಲಕ್ಷ್ಮೀನರಸಿಂಹ. ತೊಡೆ ಮೇಲಿದ್ದ ಲಕ್ಷ್ಮಿ ಒಡೆದುಹೋಗಿದಾಳೆ. ಅವನ ಬೆನ್ನನ್ನ ಬಳಸಿದ್ದ ಅವಳ ಕೈ ಮಾತ್ರ ಇನ್ನೂ ಇದೆ.

ತಮ್ಮ ಈ ದಾರಿಯಲ್ಲಿ ಹುಟ್ಟಿದಾಗಿಂದ ಓಡಾಡಿದಾನೆ, ಒಂದಿನಾನೂ ನಿಂತು ನೋಡಿರಲಿಲ್ಲ. ಸಿನಿಮಾ ನೋಡಿದ ಮೇಲೆ ಒಂದು ಭಾನುವಾರ ಹಟ ಮಾಡಿ ಕರ್ಕೊಂಡು ಹೋದ. ಸುತ್ತಿ ಸುತ್ತಿ ನೋಡಿದ. ಹಿಂದೆ ಹೋದವನು ಕೂಗಿದ: "ಅಕ್ಕಾ, ಇಲ್ಲೊಂದು ಕೈ ಐತಿ! ಇದು ಯಾರದು?" ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, "ಹಂಗಾರ ಸಿಟ್ಟು ಇಳಿದ ಮ್ಯಾಲೆ ಅವನು ಇಲ್ಲಿ ಬಂದು ಕುಂತಾನೇನು?"

ಎಂಟು ವರ್ಷದ ಹುಡುಗ ತನಗೆ ಬೇಕಾದ ಎರಡನೇ ಭಾಗ ಯಾವುದು ಅಂತ ತಾನೇ ಹೇಳಿದ. ಇನ್ನೊಬ್ಬ ರಾಕ್ಷಸ ಬೇಕು ಅನ್ನಲಿಲ್ಲ.

ಮೊನ್ನೆ ಅಪ್ಪನ ಹತ್ರ ತಪ್ಪು ಒಪ್ಪಿಕೊಂಡೆ. ಅಪ್ಪ ಬೈಲಿಲ್ಲ. "ಆಗಸ್ಟಿನಾಗ ಬಂದವ್ರು ಮಕ್ಕಳ ಕೂಡ ಆ ಹುಡುಗನ ಕಥೆ ಮಾತಾಡ್ಕೋತ ಬರ್ತಿದ್ರು. ಅವರಿಗೆ ಮನೀಗೆ ಆ ಕಥೆ ಒಯ್ಯೋದಿತ್ತು. ಈಗ ನಾವು ಬರೇ ಗೊಂಬಿ ಮಾರಾಕತ್ತೀವಿ, ಅಷ್ಟ" ಅಂದ್ರು. ನಾನು ಹತ್ತು ಪೋಸ್ಟಲ್ಲಿ ಹೇಳಿದ್ದನ್ನ ಅವರು ಗಲ್ಲಾಪೆಟ್ಟಿಗೆ ಮುಂದೆ ಕೂತು ಎರಡು ಮಾತಲ್ಲಿ ಮುಗಿಸಿದ್ರು.

ಉಳಿದ ದಾಸ್ತಾನಿನ ಬೆಲೆ ಕಟ್ಟುವಾಗ ಕೊಂಡ ಬೆಲೆ, ಮಾರಿದ್ರೆ ಸಿಗೋ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನ ಹಿಡೀಬೇಕು ಅಂತ ಕಲಿಸಿದಾರೆ. ಕೊಂಡ ಬೆಲೆಗೆ ನಮ್ಮದು 17,220 ರೂಪಾಯಿ. ಸಿಗೋದು ಎಷ್ಟೋ ಮುಂದಿನ ಸೀಸನ್ ಹೇಳುತ್ತೆ. ಅಲ್ಲಿವರೆಗೆ ನನ್ನ ಪಾಕೆಟ್ ಮನಿ ಕಟ್, ಅದು ನಾನೇ ಹಾಕ್ಕೊಂಡ ದಂಡ.

ನಿಮಗೊಂದು ಕೆಲಸ. ಮುಂದಿನ ಸಲ ಯಾವುದಾದ್ರೂ "ಭಾಗ 2"ರ ಟ್ರೇಲರ್ ಬಂದಾಗ, ಟಿಕೆಟ್ ಬುಕ್ ಮಾಡೋ ಮುಂಚೆ ಕೇಳ್ಕೊಳ್ಳಿ: ಮೊದಲನೇದರಲ್ಲಿ ನಂಗೆ ಏನು ಬಾಕಿ ಉಳಿದಿತ್ತು? ಉತ್ತರ ಇದ್ರೆ ಹೋಗಿ. ಇಲ್ಲಾಂದ್ರೆ ಮೊದಲನೇದನ್ನೇ ಇನ್ನೊಂದು ಸಲ ಹಾಕ್ಕೊಂಡು ನೋಡಿ, ಅದು ಬೋರ್ ಆಗಲ್ಲ.

ನಿಮಗೆ ಇನ್ನೂ ಬಾಕಿ ಇರೋ ಕಥೆ ಯಾವುದು? ಕೆಳಗೆ ಬರೀರಿ, ತಮ್ಮನಿಗೆ ಓದಿ ಹೇಳ್ತೀನಿ. ಹಂಪಿಗೆ ಬಂದ್ರೆ ಅಂಗಡಿ ಕಡೆ ಬನ್ನಿ. ಮೂರ್ತಿ ತಗೊಳ್ಳಲೇಬೇಕು ಅಂತೇನಿಲ್ಲ. ಆದ್ರೆ ನರಸಿಂಹನ ಹಿಂದೆ ಹೋಗಿ ಆ ಕೈ ನೋಡದೆ ಮಾತ್ರ ವಾಪಸ್ ಹೋಗಬೇಡಿ.

#ಹಂಪಿ_ಬಜಾರ್ #ಭಾಗ_ಎರಡು #ಬಾಕಿ_ಲೆಕ್ಕ #ಹೊಸಪೇಟೆ